ಬಿಚ್ಚದೆ ಬಿಟ್ಟ ಮೂರು ವೈರು

"ಮೋಟಾರಿನ ವೈರು ಬಿಚ್ಚಿದೀಯೇನಪ?" ಎಂದು ಮೇಡಂ ಕೇಳಿದರು.

"ಬಿಚ್ಚೀನ್ರಿ ಮೇಡಂ," ಅಂದೆ. ಬಿಚ್ಚಿರಲಿಲ್ಲ.

ಇದಕ್ಕಿಂತ ದೊಡ್ಡ ಸುಳ್ಳುಗಳನ್ನು ನಾನು ಹೇಳಿದ್ದೇನೆ. ಆದರೆ ಇಷ್ಟು ಸಣ್ಣ ಸುಳ್ಳಿಗೆ ಅಷ್ಟು ದಿನ ಜೀವ ಕೈಯಲ್ಲಿ ಹಿಡಿದುಕೊಂಡು ತಿರುಗಿದ್ದು ಅದೊಂದೇ ಸಲ.

ಆಗ ನಾನು ಕೊಟ್ಟೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬ್ ಸಹಾಯಕನಾಗಿದ್ದೆ. ಎರಡು ಸಾವಿರದ ಮೊದಲ ದಶಕ ಮುಗಿಯುತ್ತ ಬಂದಿದ್ದ ಕಾಲ. ಐಟಿಐಯಲ್ಲಿ ರೇಡಿಯೊ-ಟಿವಿ ಕೋರ್ಸು ಮುಗಿಸಿ, ಕೂಡ್ಲಿಗಿಯ ಒಂದು ರಿಪೇರಿ ಅಂಗಡಿಯಲ್ಲಿ ಎರಡು ವರ್ಷ ಕೂತಿದ್ದವನಿಗೆ ಈ ಕೆಲಸ ಸಿಕ್ಕಿತ್ತು. ಹೊಸಹಳ್ಳಿಯ ನಮ್ಮ ಕೇರಿಯಲ್ಲಿ ತಿಂಗಳ ಸಂಬಳ ತರುವವರು ಬೆರಳೆಣಿಕೆಯಷ್ಟು. ನಮ್ಮ ಮನೆಯಲ್ಲಂತೂ ನಾನೇ ಮೊದಲಿಗ. ಕೆಲಸ ತಾತ್ಕಾಲಿಕ. ಪ್ರತಿ ಜೂನ್‌ನಲ್ಲಿ ಪ್ರಿನ್ಸಿಪಾಲರು ಮನಸ್ಸು ಮಾಡಿ ಮುಂದುವರಿಸಬೇಕು. ಬೆಳಿಗ್ಗೆ ಬುತ್ತಿ ಕಟ್ಟಿಕೊಡುವಾಗ ಅವ್ವ ದಿನಾ ಎರಡು ಮಾತು ಹೇಳುತ್ತಿದ್ದಳು: ಯಾರ ಎದುರಿಗೂ ದನಿ ಎತ್ತಬೇಡ, ಯಾವ ಸಾಮಾನನ್ನೂ ಒಡೆಯಬೇಡ. ಅದು ಎಷ್ಟು ತಲೆಗೆ ಹೊಕ್ಕಿತ್ತೆಂದರೆ ಗಾಜಿನ ಪ್ರಿಸಂ ಒರೆಸುವಾಗಲೂ ನನ್ನ ಬೆರಳು ಬೆವರುತ್ತಿದ್ದವು.

ಮೇಡಂ ಭೌತಶಾಸ್ತ್ರದ ಉಪನ್ಯಾಸಕಿ. ಐವತ್ತರ ಆಸುಪಾಸು. ಹರಪನಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಪಾಠ ಬಿಟ್ಟರೆ ಹೆಚ್ಚು ಮಾತಿಲ್ಲ. ನಾಲ್ಕು ವರ್ಷದಲ್ಲಿ ನನ್ನನ್ನು ಒಮ್ಮೆಯೂ ಗದರಿದವರಲ್ಲ. ಆದರೂ ಅವರು ಮೇಜಿನ ಪಕ್ಕ ಬಂದು ನಿಂತರೆ ನಾನು ಎದ್ದು ನಿಲ್ಲುತ್ತಿದ್ದೆ.

ಆ ಬೇಸಿಗೆಯಲ್ಲಿ, ಪರೀಕ್ಷೆ ಮುಗಿದು ಕಾಲೇಜು ಬಿಕೋ ಎನ್ನುತ್ತಿದ್ದಾಗ, ಅವರು ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ ತಂದರು. ಒಳಗೆ ಒಂದು ಆಟದ ಹೆಲಿಕಾಪ್ಟರ್. ಆಟದ್ದು ಎಂದರೆ ಜಾತ್ರೆಯ ಪ್ಲಾಸ್ಟಿಕ್ಕಿನದಲ್ಲ. ಮೊಳಕ್ಕಿಂತ ಉದ್ದದ ಮೈ, ಅದರ ಮೇಲೆ ಎರಡು ಗಟ್ಟಿ ರೆಕ್ಕೆ, ರಿಮೋಟ್ ಹಿಡಿದು ನಿಜವಾಗಿ ಹಾರಿಸುವಂಥದ್ದು. ಅವರ ತಮ್ಮನದಂತೆ. ಅವನು ಒಮ್ಮೆ ಗೋಡೆಗೆ ಹೊಡೆಸಿ, ಬೇಸರ ಬಂದು ಅಕ್ಕನಿಗೆ ಕೊಟ್ಟಿದ್ದ. ನಮ್ಮ ಹುಡುಗರು ಹೆಲಿಕಾಪ್ಟರ್ ನೋಡಿದ್ದು ಚುನಾವಣೆಯಲ್ಲಿ ಮಾತ್ರ. ಊರ ಹೊರಗಿನ ಬಯಲಿನಲ್ಲಿ ಅದು ಇಳಿದರೆ ಎಲ್ಲರೂ ಧೂಳಿನೊಳಗೆ ಓಡಿಹೋಗಿ ನೋಡಿ ಬರುತ್ತಿದ್ದರು. ಹಿಂದೆ ಬಾಲದಲ್ಲಿ ಒಂದು ಚಿಕ್ಕ ರೆಕ್ಕೆ ಯಾಕಿದೆ ಎಂದು ಕೇಳಿದರೆ ಒಬ್ಬನಿಗೂ ಗೊತ್ತಿರಲಿಲ್ಲ. ಅದನ್ನು ತೋರಿಸಬೇಕು, ಹಾರಿಸಿಯೇ ತೋರಿಸಬೇಕು ಎಂಬುದು ಮೇಡಂ ಆಸೆ.

ಮುರಿದದ್ದನ್ನೆಲ್ಲ ಸರಿ ಮಾಡಲು ನನಗೆ ಮೂರು ವಾರ ಹಿಡಿಯಿತು. ಕೊನೆಗೆ ಉಳಿದದ್ದು ರಿಸೀವರ್. ರಿಮೋಟಿನಿಂದ ಬರುವ ಆಜ್ಞೆ ಹಿಡಿದು ಮೋಟಾರಿಗೂ, ರೆಕ್ಕೆಯ ಓರೆ ಬದಲಿಸುವ ಸರ್ವೋ ಎಂಬ ಪುಟ್ಟ ಯಂತ್ರಗಳಿಗೂ ಮುಟ್ಟಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ ಅದು. ಹಳೆಯದಕ್ಕೆ ಮಾರುದ್ದದ ಏರಿಯಲ್ ವೈರು. ಹೊರಗೆ ರಸ್ತೆಯಲ್ಲಿ ಮೊಪೆಡ್ ಹೋದರೂ ಸರ್ವೋಗಳು ಬೆಚ್ಚಿಬೀಳುತ್ತಿದ್ದವು. ಮೇಡಂ ಹೊಸ ರಿಮೋಟು ಮತ್ತು ಹೊಸ ರಿಸೀವರ್ ತರಿಸಿದರು. ಇವು ಹೊಸ ಬಗೆಯವು. ಎರಡಕ್ಕೂ ಒಮ್ಮೆ ಗುರುತು ಮಾಡಿಸಿಬಿಟ್ಟರೆ ಆ ರಿಸೀವರ್ ಆ ರಿಮೋಟಿನ ಮಾತನ್ನಷ್ಟೇ ಕೇಳುತ್ತದೆ. ಹಾಗೆ ಗುರುತು ಮಾಡಿಸುವುದಕ್ಕೆ ಬೈಂಡಿಂಗ್ ಎನ್ನುತ್ತಾರೆ.

ವೈರಿಂಗ್ ನಾನೇ ಮಾಡಿದೆ. ಮೂರು ಸರ್ವೋಗಳ ವೈರು, ಬಾಲ ಅತ್ತಿತ್ತ ತಿರುಗದಂತೆ ಹಿಡಿಯುವ ಜೈರೋದ ವೈರು, ಮೋಟಾರಿನ ವೇಗ ಹಿಡಿತದಲ್ಲಿಡುವ ಕಂಟ್ರೋಲರಿನ ವೈರು. ಒಂದನ್ನು ತಿರುವುಮುರುವು ಸಿಕ್ಕಿಸಿದರೂ ಸುಟ್ಟುಹೋಗಬಹುದೆಂಬ ಭಯಕ್ಕೆ ಪ್ರತಿ ಪ್ಲಗ್ಗಿನ ನೆಗೆಟಿವ್ ವೈರಿನ ಪಕ್ಕ ಬಿಳಿ ಬಣ್ಣದ ಚುಕ್ಕೆ ಇಟ್ಟಿದ್ದೆ. ಎರಡು ಚಿಕ್ಕ ಏರಿಯಲ್‌ಗಳನ್ನು ಒಂದು ಅಡ್ಡ, ಒಂದು ಉದ್ದ ಬರುವಂತೆ ಸ್ಟ್ರಾ ಕೊಳವೆಯೊಳಗೆ ತೂರಿಸಿ ಅಂಟಿಸಿದೆ. ನೋಡಲು ಅಚ್ಚುಕಟ್ಟಾಗಿತ್ತು.

ಆದರೆ ಒಂದು ತೊಡಕು. ರಿಸೀವರಿಗೆ ಬೇರೆ ಬ್ಯಾಟರಿ ಇರಲಿಲ್ಲ. ಮೋಟಾರು ತಿರುಗಿಸುವ ದೊಡ್ಡ ಬ್ಯಾಟರಿಯಿಂದಲೇ, ಕಂಟ್ರೋಲರಿನ ಮೂಲಕ, ಅದಕ್ಕೂ ಕರೆಂಟು ಹೋಗಬೇಕು. ಹಾಗಾಗಿ ಬೈಂಡಿಂಗ್ ಮಾಡಲು ಬ್ಯಾಟರಿ ಸಿಕ್ಕಿಸಿದರೆ ಮೋಟಾರಿಗೂ ಜೀವ ಬಂದಂತೆಯೇ. ಅದಕ್ಕೇ ಮೊದಲು ಕಂಟ್ರೋಲರಿನಿಂದ ಮೋಟಾರಿಗೆ ಹೋಗುವ ಮೂರು ವೈರು ಬಿಚ್ಚಿಡಬೇಕು ಎಂದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಮೇಡಂ ಅದನ್ನು ಓದಿ, ಹಿಂದಿನ ದಿನವೇ ನನಗೆ ಹೇಳಿ ಹೋಗಿದ್ದರು.

ನಾನು ಬಿಚ್ಚಲಿಲ್ಲ. ಆ ಮೂರು ಜಾಯಿಂಟುಗಳಲ್ಲಿ ಒಂದು ಹಿಂದೊಮ್ಮೆ ಎಳೆದಾಗ ಕಿತ್ತು ಬಂದಿತ್ತು. ಮತ್ತೆ ಬೆಸುಗೆ ಹಾಕಿ, ಮೂರಕ್ಕೂ ಬಿಸಿಗೆ ಕುಗ್ಗುವ ಕರಿ ಪ್ಲಾಸ್ಟಿಕ್ ಸ್ಲೀವು ತೊಡಿಸಿ, ಬಿಸಿ ಮಾಡಿ ಬಿಗಿ ಮಾಡಿದ್ದೆ. ಬಿಚ್ಚಬೇಕೆಂದರೆ ಸ್ಲೀವು ಕೊಯ್ಯಬೇಕು. ಹೊಸ ಸ್ಲೀವು ದಾವಣಗೆರೆಯಿಂದಲೇ ಬರಬೇಕು. ರಿಮೋಟಿನ ಎಡಗಡ್ಡಿ, ಅಂದರೆ ಮೋಟಾರಿನ ವೇಗ ಏರಿಸಿ ಇಳಿಸುವ ಕಡ್ಡಿ, ಪೂರ್ತಿ ಕೆಳಗಿದ್ದರೆ ಮೋಟಾರು ಯಾಕೆ ತಿರುಗುತ್ತದೆ ಎಂದುಕೊಂಡೆ. ಎರಡು ವರ್ಷ ಅಂಗಡಿಯಲ್ಲಿ ಟಿವಿ ಬಿಚ್ಚಿದವನು ನಾನು ಎಂಬ ಗರ್ವವೂ ಒಳಗೆಲ್ಲೋ ಇತ್ತು.

ಮಧ್ಯಾಹ್ನ ಹನ್ನೆರಡರ ಸುಮಾರು. ಲ್ಯಾಬಿನಲ್ಲಿ ನಾವಿಬ್ಬರೇ. ಮೇಡಂ ಕೇಳಿದರು, ನಾನು ಆ ಸುಳ್ಳು ಹೇಳಿದೆ. ರಿಸೀವರಿಗೆ ಬೈಂಡಿಂಗಿನ ಪುಟ್ಟ ಪ್ಲಗ್ ಸಿಕ್ಕಿಸಿ ಬ್ಯಾಟರಿ ಜೋಡಿಸಿದೆ. ರಿಸೀವರಿನ ಕೆಂಪು ದೀಪ ಪಟಪಟ ಮಿಟುಕತೊಡಗಿತು. ರಿಮೋಟಿನ ಗುಂಡಿ ಒತ್ತಿ ಹಿಡಿದು ಸ್ವಿಚ್ ಹಾಕಿದೆ. ಒಂದು ಕ್ಷಣ ದೀಪ ಆರಿತು. ಆಮೇಲೆ ಹತ್ತಿತು, ಮಿಟುಕದೆ ನಿಂತಿತು. ಪ್ಲಗ್ ತೆಗೆದು ಮತ್ತೆ ಬ್ಯಾಟರಿ ಜೋಡಿಸಿ ಬಲಗಡ್ಡಿ ಅಲ್ಲಾಡಿಸಿದರೆ ಮೂರೂ ಸರ್ವೋಗಳು ಒಟ್ಟಿಗೆ ಬಾಗಿದವು. ಮೇಡಂ ಮುಖ ಅರಳಿತು. ನನ್ನದೂ.

ಕಂಟ್ರೋಲರ್ ಮಾತ್ರ ಸುಮ್ಮನೆ ಟಿಕ್ ಟಿಕ್ ಎನ್ನುತ್ತಿತ್ತು. ತಯಾರಾದಾಗ ಅದು ಒಂದು ರಾಗ ಹಾಡಬೇಕಿತ್ತು. ಮೋಟಾರಿನ ಕಡ್ಡಿ ಕೆಳಗೇ ಇತ್ತು. ನೋಡೋಣ ಎಂದು ಅದನ್ನು ನಿಧಾನವಾಗಿ ಪೂರ್ತಿ ಮೇಲಕ್ಕೆ ತಳ್ಳಿದೆ. ತಕ್ಷಣ ಕಂಟ್ರೋಲರ್ ರಾಗ ಹಾಡಿತು. ಸರಿಹೋಯಿತು ಎಂದುಕೊಂಡು ಕಡ್ಡಿಯನ್ನು ಕೆಳಕ್ಕೆ ಎಳೆದೆ.

ರೆಕ್ಕೆ ತಿರುಗತೊಡಗಿತು.

ಆಮೇಲೆ ಗೊತ್ತಾಯಿತು, ಹೊಸ ರಿಮೋಟಿನಲ್ಲಿ ಆ ಒಂದು ಚಾನೆಲ್ ತಿರುವುಮುರುವಾಗಿತ್ತು. ನನ್ನ ಕೆಳಗೆ ಎಂಬುದು ಅದಕ್ಕೆ ಪೂರ್ತಿ ವೇಗ. ಮೇಲೆ ಎಂಬುದು ನಿಲ್ಲು. ನಿಲ್ಲು ಎಂಬ ಆಜ್ಞೆ ಬರುವವರೆಗೆ ಕಂಟ್ರೋಲರ್ ತಯಾರಾಗುವುದಿಲ್ಲ, ಅದಕ್ಕೇ ಅಷ್ಟು ಹೊತ್ತು ಸುಮ್ಮನೆ ಕೂತಿತ್ತು. ಆದರೆ ಆ ಹೊತ್ತಿನಲ್ಲಿ ಇದೆಲ್ಲ ಯಾರಿಗೆ ಹೊಳೆಯುತ್ತದೆ? ನಿಲ್ಲಿಸಬೇಕೆಂದರೆ ಕೆಳಗೆ ಎಳೆಯಬೇಕು ಎಂದು ನನ್ನ ಹೆಬ್ಬೆರಳಿಗೆ ಗೊತ್ತಿತ್ತು. ನಾನು ಎಳೆದಷ್ಟೂ ಅದು ಜೋರಾಯಿತು. ಉಗುರು ಬೆಳ್ಳಗಾಗುವ ಹಾಗೆ ಕಡ್ಡಿಯನ್ನು ತಳಕ್ಕೆ ಒತ್ತಿ ಹಿಡಿದೆ. ರೆಕ್ಕೆಗಳು ಕಾಣದಾದವು. ಹಿಟ್ಟಿನ ಗಿರಣಿ ಹೊಟ್ಟೆಯೊಳಗೇ ಶುರುವಾದಂಥ ಸದ್ದು. ಹೆಲಿಕಾಪ್ಟರ್ ಮೇಲೇಳಲಿಲ್ಲ. ರೆಕ್ಕೆಯ ಓರೆ ಕೆಳಮುಖವಾಗಿದ್ದರಿಂದ ಮೇಜಿಗೆ ಅವುಚಿಕೊಂಡು, ನಡುಗುತ್ತ, ಸುತ್ತ ತಿರುಗತೊಡಗಿತು. ಮೇಜಿನ ಮೇಲಿನ ಹಾಳೆಗಳೆಲ್ಲ ಹಾರಿ ನನ್ನ ಮುಖಕ್ಕೆ ಬಂದವು.

ಮೇಜಿನ ತುದಿಯ ಕಬ್ಬಿಣದ ಸ್ಟ್ಯಾಂಡಿಗೆ ಒಂದು ರೆಕ್ಕೆ ಬಡಿಯಿತು. ಮುರಿದ ತುಂಡು ನನ್ನ ಕಿವಿಯ ಪಕ್ಕದಲ್ಲಿ ಸುಯ್ಯೆಂದು ಹಾದು ಹಿಂದಿನ ಮರದ ಬೀರುವಿಗೆ ನಾಟಿತು. ಸಮತೂಕ ತಪ್ಪಿದ ಹೆಲಿಕಾಪ್ಟರ್ ಹುಚ್ಚು ಕುರಿಯ ಹಾಗೆ ನೆಗೆನೆಗೆದು ಮೇಡಂ ನಿಂತಿದ್ದ ಕಡೆಗೆ ಹೋಯಿತು. ಅವರ ಹಿಂದೆ ಕಿಟಕಿ, ಪಕ್ಕದಲ್ಲಿ ಬೀರು. ಸರಿಯಲು ಜಾಗವಿರಲಿಲ್ಲ. ಅವರು ಬಲಗೈಯಲ್ಲಿ ಅದರ ಬಾಲ ಹಿಡಿದು, ಎಡಗೈ ಹಾಕಿ ಬ್ಯಾಟರಿಯ ವೈರು ಕಿತ್ತರು.

ಸದ್ದು ನಿಂತಿತು. ನಾನಿನ್ನೂ ಕಡ್ಡಿ ಒತ್ತಿಕೊಂಡೇ ನಿಂತಿದ್ದೆ.

ಉಳಿದಿದ್ದ ರೆಕ್ಕೆ ಅವರ ಎಡ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಸೀಳಿತ್ತು. ಅವರು ಕೂಗಲಿಲ್ಲ. ಕೈಯನ್ನು ಎದೆಗೆ ಒತ್ತಿಕೊಂಡು, "ಅದನ್ನ ಕೆಳಗಿಡು," ಅಂದರು. "ಆ ಟವೆಲ್ ಕೊಡು."

ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ದಾರಿಯುದ್ದಕ್ಕೂ ಟವೆಲ್ ಒದ್ದೆಯಾಗುತ್ತ ಹೋಯಿತು. ಡಾಕ್ಟರು ನೋಡಿ, ಹೆಬ್ಬೆರಳಿನ ನರ ತುಂಡಾದಂತಿದೆ, ಇಲ್ಲಿ ಆಗುವುದಿಲ್ಲ, ದಾವಣಗೆರೆಗೆ ಹೋಗಿ ಎಂದರು. ಮೇಡಂ ಯಜಮಾನರು ಕಾರು ತೆಗೆದುಕೊಂಡು ಬರುವವರೆಗೆ ನಾನು ಬೆಂಚಿನ ತುದಿಯಲ್ಲಿ ಕೂತಿದ್ದೆ. ಅವರನ್ನು ಕಾರಿಗೆ ಹತ್ತಿಸಿದ ಮೇಲೆ ನಾನು ಮಾಡಿದ ಕೆಲಸ ಹೇಳಲು ಈಗಲೂ ನಾಲಿಗೆ ತಡವರಿಸುತ್ತದೆ. ಓಡಿ ಲ್ಯಾಬಿಗೆ ಬಂದು ಒಳಗಿನಿಂದ ಚಿಲಕ ಹಾಕಿಕೊಂಡೆ. ಬ್ಲೇಡು ತೆಗೆದುಕೊಂಡು ಆ ಮೂರು ಸ್ಲೀವು ಕೊಯ್ದು, ಮೋಟಾರಿನ ವೈರುಗಳನ್ನು ಬಿಚ್ಚಿಟ್ಟೆ. ಮೇಜಿನ ರಕ್ತ ಒರೆಸಿದೆ. ಸ್ಲೀವಿನ ಚೂರುಗಳನ್ನು ಜೇಬಿಗೆ ಹಾಕಿಕೊಂಡು, ಊರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಒಂದೊಂದಾಗಿ ಎಸೆದೆ. ನನ್ನ ಪಕ್ಕ ಕೂತಿದ್ದ ಮುದುಕಿ ನಾನು ಏನೆಸೆಯುತ್ತಿದ್ದೇನೆಂದು ನೋಡುತ್ತಿದ್ದಳು. ಅವಳಿಗೂ ಹೆದರಿದೆ.

ಮರುದಿನ ಪ್ರಿನ್ಸಿಪಾಲರು ಕರೆದರು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ. ಮೇಡಂ ಫೋನ್ ಮಾಡಿದ್ದಾರೆ, ತಪ್ಪು ತಮ್ಮದೇ, ಲ್ಯಾಬಿನ ಹುಡುಗನದೇನಿಲ್ಲ ಎಂದಿದ್ದಾರೆ, ನೀನೂ ಒಂದು ವರದಿ ಬರೆದುಕೊಡು ಎಂದರು. ಬರೆದೆ. ಮೋಟಾರಿನ ವೈರುಗಳನ್ನು ಮುಂಜಾಗ್ರತೆಯಿಂದ ಬಿಚ್ಚಿಡಲಾಗಿತ್ತು, ಆದರೂ ಆಕಸ್ಮಿಕವಾಗಿ ರೆಕ್ಕೆ ತಿರುಗಿತು ಎಂದು ಬರೆದು ಸಹಿ ಹಾಕಿದೆ. ಪ್ರಿನ್ಸಿಪಾಲರು ಇತಿಹಾಸದವರು. ಓದಿ ಫೈಲಿಗೆ ಹಾಕಿದರು.

ಅಲ್ಲಿಂದ ಮುಂದೆ ಹದಿನೈದು ದಿನ ನಾನು ಮನುಷ್ಯನಂತಿರಲಿಲ್ಲ. ಮನೆಯಲ್ಲಿ ಫ್ಯಾನ್ ಹಾಕಿದರೆ ಎದ್ದು ಹೊರಗೆ ಹೋಗುತ್ತಿದ್ದೆ. ಸೈಕಲ್ಲಿನ ಚಕ್ರ ತಿರುಗುವುದನ್ನು ನೋಡಲಾಗುತ್ತಿರಲಿಲ್ಲ. ಕಾಲೇಜಿನ ಗೇಟಿನಲ್ಲಿ ಯಾವ ಕಾರು ನಿಂತರೂ ಅದು ಮೇಡಂ ಯಜಮಾನರದೇ, ಪೊಲೀಸರನ್ನು ಕರೆತಂದಿದ್ದಾರೆ ಎನಿಸುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಬೀರುವಿಗೆ ನಾಟಿದ ಆ ತುಂಡು. ಅದನ್ನು ಕೀಳಲು ನನಗೆ ಧೈರ್ಯ ಬರಲಿಲ್ಲ. ಅದು ನನ್ನ ತಲೆಯ ಎತ್ತರಕ್ಕೆ ಸರಿಯಾಗಿ ನಾಟಿತ್ತು. ಅವ್ವ ಕೇಳಿದಳು, "ಯಾಕಪ್ಪ, ಏನರ ಒಡದಿಯೇನು?" ನಾನು ಇಲ್ಲ ಎಂದೆ. ಒಡೆದಿರಲಿಲ್ಲವಲ್ಲ.

ಜೂನ್ ಬಂತು. ಪ್ರಿನ್ಸಿಪಾಲರು ಕರೆದು, ನಿನ್ನನ್ನು ಮುಂದುವರಿಸಿದ್ದೇವೆ, ಮೇಡಂ ಆಸ್ಪತ್ರೆಯಿಂದ ಬಂದವರೇ ಫೋನ್ ಮಾಡಿ ನಿನ್ನ ಬಗ್ಗೆ ಒಳ್ಳೆಯ ಮಾತು ಹೇಳಿದರು ಎಂದರು. ಅದುವರೆಗೆ ಹೇಗೋ ತಡೆದುಕೊಂಡಿದ್ದೆ. ಆ ಮಾತು ಕೇಳಿದ ಮೇಲೆ ಮಧ್ಯಾಹ್ನದ ಬುತ್ತಿಯನ್ನು ಬಿಚ್ಚಲೇ ಇಲ್ಲ. ಅರ್ಧ ದಿನ ರಜೆ ಹಾಕಿ ಹರಪನಹಳ್ಳಿ ಬಸ್ಸು ಹತ್ತಿದೆ.

ಮೇಡಂ ಮನೆಯ ಬಾಗಿಲು ತೆಗೆದವರು ಅವರ ಯಜಮಾನರು. ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟವರು, ಹಣೆಯಲ್ಲಿ ವಿಭೂತಿ, ದೊಡ್ಡ ಆಳು. ಲ್ಯಾಬಿನವನೇ ಎಂದು ಕೇಳಿದರು. ತಲೆಯಾಡಿಸಿದೆ. ಒಳಗೆ ಹೋಗು ಎಂದರು.

ಮೇಡಂ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಎಡಗೈ ಮೊಣಕೈವರೆಗೆ ಪಟ್ಟಿ. ಕೂರು ಅಂದರು. ನಾನು ಕೂರಲಿಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಹಾರಿಹೋಗಿ ಉಳಿದದ್ದು ಒಂದೇ.

"ಮೇಡಂ, ನಾ ಅವತ್ತು ವೈರು ಬಿಚ್ಚಿದ್ದಿಲ್ಲರಿ."

"ಗೊತ್ತೈತೆ."

ನಾನು ತಲೆ ಎತ್ತಿದೆ.

"ಬಿಚ್ಚಿಟ್ಟ ಮೋಟಾರು ತಿರುಗುತ್ತೇನಪ?"

ಹದಿನೈದು ದಿನ ಹಗಲೂ ರಾತ್ರಿ ಹೆದರಿದ್ದೆ. ಇಷ್ಟು ಮಾತ್ರ ನನಗೆ ಹೊಳೆದಿರಲಿಲ್ಲ. ರೆಕ್ಕೆ ತಿರುಗಿದ ಕ್ಷಣವೇ ನನ್ನ ಸುಳ್ಳು ಅವರಿಗೆ ಗೊತ್ತಾಗಿತ್ತು. ಗೊತ್ತಿದ್ದೇ ಕೈ ಹಾಕಿದ್ದರು, ಗೊತ್ತಿದ್ದೇ ಫೋನ್ ಮಾಡಿದ್ದರು. ಸ್ಲೀವು ಕೊಯ್ದದ್ದನ್ನೂ ವರದಿಯಲ್ಲಿ ಬರೆದದ್ದನ್ನೂ ಹೇಳಿಬಿಟ್ಟೆ. ಮುಂಜಾಗ್ರತೆಯಿಂದ ಬಿಚ್ಚಿಡಲಾಗಿತ್ತು ಎಂಬ ವಾಕ್ಯ ಕೇಳಿ ಅವರಿಗೆ ನಗು ಬಂತು. ನಕ್ಕರೆ ಕೈ ನೋಯುತ್ತದೆಂದು ತಡೆದುಕೊಂಡರು. ಆಮೇಲೆ ಮುಖ ಗಂಭೀರವಾಯಿತು.

"ಯಾಕೆ ಸುಳ್ಳು ಹೇಳ್ದೆ?"

"ಹೆದರಿಕಿ ಆತ್ರಿ. ಹೇಳಿದ್ ಕೆಲಸ ಮಾಡಿಲ್ಲ ಅಂದ್ರ ಕೆಲಸದಾಗಿಂದ ತಗೀತೀರಿ ಅಂತ."

ಅವರು ಪೇಪರ್ ಪಕ್ಕಕ್ಕಿಟ್ಟರು. ವೈರು ತಮ್ಮ ಕಣ್ಣ ಮುಂದೆಯೇ ಇತ್ತು, ಬಗ್ಗಿ ನೋಡದೆ ನನ್ನ ಬಾಯಿಮಾತು ನಂಬಿ ನಿಂತದ್ದು ತಮ್ಮ ತಪ್ಪು, ಪ್ರಿನ್ಸಿಪಾಲರಿಗೆ ಹೇಳಿದ್ದು ಅದನ್ನೇ ಎಂದರು. ಆದರೆ ನನ್ನ ತಪ್ಪು ನನ್ನದು, ಅದನ್ನು ತಾವು ಹೊರುವುದಿಲ್ಲ ಎಂದರು. ನೀರು ತಂದ ಯಜಮಾನರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಲೋಟವನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟು ಒಳಗೆ ಹೋದರು. ಆ ಲೋಟ ಮುಟ್ಟಲು ನನಗೆ ಆಗಲಿಲ್ಲ.

"ಎರಡು ಕೆಲಸ ಮಾಡು," ಅಂದರು ಮೇಡಂ. "ನಾಳೆ ವರದಿ ಹೊಸದಾಗಿ ಬರೆದು ಕೊಡು. ನಾನು ಬಂದ ಮೇಲೆ ಬೈಂಡಿಂಗ್ ಮತ್ತೆ ಮಾಡು."

ವರದಿ ಕೊಡುವೆ, ಅದನ್ನು ಮಾತ್ರ ಇನ್ನೊಮ್ಮೆ ಮುಟ್ಟಲಾರೆ ಎಂದೆ. ಅವರು ಮತ್ತೆ ಪೇಪರ್ ಎತ್ತಿಕೊಂಡರು.

ಮಾರನೆಯ ದಿನ ಹೊಸ ವರದಿ ಬರೆದು ಪ್ರಿನ್ಸಿಪಾಲರ ಮುಂದಿಟ್ಟೆ. ಅವರು ಓದಿದರು, ಹಳೆಯದನ್ನು ತೆಗೆಸಿ ಅದನ್ನೂ ಓದಿದರು. ಆ ಅರ್ಧ ಗಂಟೆ ಅವರು ಬೈದ ಬೈಗುಳ ಕಾರಿಡಾರಿನ ಕೊನೆಯವರೆಗೆ ಕೇಳಿಸಿತಂತೆ. ಒಂದು ಮೆಮೊ ಕೊಟ್ಟರು. ಕೆಲಸದಿಂದ ತೆಗೆಯಲಿಲ್ಲ. ಆ ಮೆಮೊ ಕಾಲೇಜಿನ ನನ್ನ ಫೈಲಿನಲ್ಲಿ ಇವತ್ತಿಗೂ ಇದೆ.

ಮೇಡಂ ಕಾಲೇಜಿಗೆ ಮರಳಿದ್ದು ಶ್ರಾವಣದ ಹೊತ್ತಿಗೆ. ಪಟ್ಟಿ ಬಿಚ್ಚಿದ್ದರು. ಕೈ ಮೇಲೆ ಕೆಂಪು ಗೆರೆ, ಹೆಬ್ಬೆರಳು ಸೆಟೆದುಕೊಂಡಿತ್ತು. ಬಂದ ಮೂರನೆಯ ದಿನ ಲ್ಯಾಬಿನ ಬಾಗಿಲು ಹಾಕಿ, ಹೆಲಿಕಾಪ್ಟರನ್ನು ಮೇಜಿನ ಮೇಲಿಟ್ಟರು. ತಮ್ಮನಿಂದ ಹೊಸ ರೆಕ್ಕೆ ತರಿಸಿದ್ದರು, ಆದರೆ ಹಾಕಿರಲಿಲ್ಲ. ರೆಕ್ಕೆ ಇಲ್ಲ, ಮೋಟಾರಿನ ಮೂರು ವೈರು ಬೇರೆ ಬೇರೆ ದಿಕ್ಕಿಗೆ ಬಾಗಿ ನಿಂತಿವೆ. ಇಷ್ಟಾದರೂ ಬ್ಯಾಟರಿ ಜೋಡಿಸುವಾಗ ಪ್ಲಗ್ಗು ಮೂರು ಸಲ ತಪ್ಪಿತು. ಅವರು ಈ ಸಲ ಬಗ್ಗಿ, ವೈರುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದರು.

ದೀಪ ಮಿಟುಕಿ ನಿಂತಿತು. ಕಂಟ್ರೋಲರ್ ಮತ್ತೆ ಟಿಕ್ ಟಿಕ್ ಎಂದಿತು. ರಿಮೋಟಿನ ಮೆನುವಿನಲ್ಲಿ ಹುಡುಕಿ ಆ ಚಾನೆಲ್ಲನ್ನು ತಿರುಗಿಸಿದೆ. ಕಡ್ಡಿ ಕೆಳಗಿರುವಾಗಲೇ ರಾಗ ಬಂತು. ಮತ್ತೆ ಮೊದಲಿನಿಂದ ಬೈಂಡಿಂಗ್ ಮಾಡಿದೆ. ರಿಮೋಟ್ ಕೈಕೊಟ್ಟರೆ ಏನು ಮಾಡಬೇಕೆಂಬುದನ್ನು ರಿಸೀವರ್ ಆ ಹೊತ್ತಿನಲ್ಲೇ ನೆನಪಿಟ್ಟುಕೊಳ್ಳುತ್ತದೆ. ಆಗ ಕಡ್ಡಿ ನಿಲ್ಲು ಎಂಬ ಕಡೆಗೇ ಇರಬೇಕಿತ್ತು. ಆಮೇಲೆ ಮೋಟಾರು ಜೋಡಿಸಿ, ರೆಕ್ಕೆಯಿಲ್ಲದೆ ತಿರುಗಿಸಿ, ರಿಮೋಟನ್ನು ಆರಿಸಿ ನೋಡಿದೆವು. ಮೋಟಾರು ತಾನಾಗಿ ನಿಂತಿತು. ಹತ್ತು ಸಲ ಆರಿಸಿದೆ. ಹತ್ತು ಸಲವೂ ನಿಂತಿತು. ಸಾಕು ಎಂದು ಮೇಡಂ ಹೇಳದಿದ್ದರೆ ಬ್ಯಾಟರಿ ಖಾಲಿಯಾಗುವವರೆಗೆ ಆರಿಸುತ್ತಿದ್ದೆನೇನೋ.

ಹಾರಿಸುವವರು ಅವರೇ ಎಂದು ನಾನು ಧೈರ್ಯವಾಗಿದ್ದೆ. ಆದರೆ ಮೋಟಾರಿನ ಕಡ್ಡಿ ಎಡಗೈಯದು, ಎಡ ಹೆಬ್ಬೆರಳಿನದು. ಕಾಲೇಜಿನ ಹಿಂದಿನ ಬಯಲಿನಲ್ಲಿ ವಿದ್ಯಾರ್ಥಿಗಳನ್ನು ಹಗ್ಗದ ಆಚೆ ದೂರ ನಿಲ್ಲಿಸಿ, ಅವರು ರಿಮೋಟನ್ನು ಹಿಡಿದು ನೋಡಿದರು. ಹೆಬ್ಬೆರಳು ಬಾಗಲಿಲ್ಲ. ಎರಡು ಸಲ ಪ್ರಯತ್ನಿಸಿ, ನನ್ನ ಕೈಗೆ ಕೊಟ್ಟರು.

ಅದರಷ್ಟು ಭಾರದ ವಸ್ತುವನ್ನು ನಾನು ಹಿಡಿದಿಲ್ಲ. ಗಾಳಿ ಸಣ್ಣಗೆ ಬೀಸುತ್ತಿತ್ತು. ರೆಕ್ಕೆ ತಿರುಗಿತು, ಅದೇ ಗಿರಣಿಯ ಸದ್ದು. ಕಡ್ಡಿ ಮೇಲೆ ತಳ್ಳಿದೆ. ಧೂಳೆದ್ದಿತು, ಹೆಲಿಕಾಪ್ಟರ್ ಒಂದು ಪಕ್ಕಕ್ಕೆ ಜಾರಿ, ಆಮೇಲೆ ಮಂಡಿಯೆತ್ತರಕ್ಕೆ ಎದ್ದಿತು. ಸೊಂಟದೆತ್ತರಕ್ಕೆ. ಹುಡುಗಿಯರು ಚಪ್ಪಾಳೆ ತಟ್ಟಿದರು. ಮೇಡಂ ನನ್ನ ಪಕ್ಕದಲ್ಲಿ ನಿಂತು, ಬಲಗೈ ತೋರಿಸಿ ಜೋರುದನಿಯಲ್ಲಿ ಪಾಠ ಮಾಡುತ್ತಿದ್ದರು: ಮೇಲಿನ ರೆಕ್ಕೆ ಒಂದು ಕಡೆ ತಿರುಗಿದರೆ ಮೈ ಇನ್ನೊಂದು ಕಡೆ ತಿರುಗಲು ನೋಡುತ್ತದೆ, ಅದನ್ನು ಬಾಲದ ರೆಕ್ಕೆ ತಡೆದು ಹಿಡಿಯುತ್ತದೆ. ನನಗೆ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಕಡ್ಡಿ ಕೆಳಗೆ ಎಳೆದರೆ ಅದು ನಿಜವಾಗಿ ಇಳಿಯುತ್ತದೆಯೇ ಎಂಬುದೊಂದೇ ತಲೆಯಲ್ಲಿತ್ತು. ಎಳೆದೆ. ಇಳಿಯಿತು. ರೆಕ್ಕೆ ನಿಲ್ಲುವವರೆಗೆ ಕಾದು, ರಿಮೋಟನ್ನು ಅವರಿಗೆ ಕೊಟ್ಟು, ನೀರಿನ ಟ್ಯಾಂಕಿನ ಹಿಂದೆ ಹೋಗಿ ಬೆಳಗಿನ ತಿಂಡಿಯನ್ನೆಲ್ಲ ಕಾರಿಕೊಂಡೆ.

ಆ ವರ್ಷ ಇನ್ನೂ ನಾಲ್ಕು ಸಲ ಹಾರಿಸಿದೆ, ನಾಲ್ಕು ಸಲವೂ ಹೆದರಿಕೊಂಡೇ. ಮುಂದಿನ ವರ್ಷ ಮೇಡಂಗೆ ಹಡಗಲಿಗೆ ವರ್ಗವಾಯಿತು. ಅವರ ಹೆಬ್ಬೆರಳು ಪೂರ್ತಿ ಬಾಗಲೇ ಇಲ್ಲ. ಮೊದಲು ಎಡಗೈಯಲ್ಲಿ ಹಿಡಿಯುತ್ತಿದ್ದ ಚಹದ ಕಪ್ಪನ್ನು ಅವರು ಬಲಗೈಯಲ್ಲಿ ಹಿಡಿಯುವುದನ್ನು ರೂಢಿ ಮಾಡಿಕೊಂಡರು. ಹೊರಡುವ ದಿನ ಹೆಲಿಕಾಪ್ಟರನ್ನು ತೆಗೆದುಕೊಂಡು ಹೋಗಿರಿ ಎಂದು ನಾನು ಹೇಳಿದರೆ, ಇಲ್ಲೇ ಇರಲಿ, ಹೊಸ ಹುಡುಗರು ಬರುತ್ತಾರಲ್ಲ ಎಂದರು. ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ಬಗ್ಗಿ, ಬೈಂಡಿಂಗ್ ಪ್ಲಗ್ಗನ್ನು ಕಳೆಯಬೇಡ, ಮೇಜಿನ ಎಡಗಡೆಯ ಖಾನೆಯಲ್ಲಿದೆ ಎಂದು ಹೇಳಿದರು. ಬಸ್ಸು ಹೊರಟಿತು.